ಆನ್‌ಲೈನ್ ಮಕ್ಕಳ ಲೈಂಗಿಕ ಶೋಷಣೆ ತಡೆ: ಪರೀಕ್ಷಾ ಟಿಪ್ಪಣಿ

1. ಸಾರ್ವಜನಿಕ ಆರೋಗ್ಯ ದೃಷ್ಟಿ: ಶಿಕ್ಷೆಯಷ್ಟೇ ಸಾಲದು, ಮೊದಲೇ ತಡೆಯಬೇಕು. 3 ಹಂತ:
• ಪ್ರಾಥಮಿಕ: ಎಲ್ಲ ಮಕ್ಕಳಿಗೆ, ಪೋಷಕರಿಗೆ ಅರಿವು
• ದ್ವಿತೀಯ: ಅಪಾಯದಂಚಿನ ಮಕ್ಕಳಿಗೆ ರಕ್ಷಣೆ, ತಪ್ಪೆಸಗಬಹುದಾದವರಿಗೆ ಆಪ್ತಸಮಾಲೋಚನೆ
• ತೃತೀಯ: ಸಂತ್ರಸ್ತರಿಗೆ ಚಿಕಿತ್ಸೆ, ಪುನರ್ವಸತಿ, ಅಪರಾಧ ಮರುಕಳಿಸದಂತೆ ಕ್ರಮ

2. ಗ್ರೂಮಿಂಗ್: ಗೇಮ್ ಚಾಟ್‌ನಂಥ ಕಡೆ ಸ್ನೇಹ ಬೆಳೆಸಿ, ‘ಅಮ್ಮನಿಗೆ ಹೇಳಬೇಡ’ ಎಂದು ಫೋಟೊ ಕೇಳುವಂಥ ವರ್ತನೆ.

3. ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆ) ಕಾಯ್ದೆ: ಜಾರಿ 14 ನವೆಂಬರ್ 2012, ತಿದ್ದುಪಡಿ 2019. ಮಗು: 18 ವರ್ಷದೊಳಗಿನ ಯಾರೇ ಆಗಲಿ, ಗಂಡು ಹೆಣ್ಣೆಂಬ ಭೇದವಿಲ್ಲ.

4. ಗೊಂದಲ ಬೇಡ:
• ಪೋಕ್ಸೊ ಸೆಕ್ಷನ್ 15: ಮಕ್ಕಳನ್ನೊಳಗೊಂಡ ಅಶ್ಲೀಲ ಸಾಮಗ್ರಿ ಸಂಗ್ರಹ
• ಸೆಕ್ಷನ್ 19: ಅಪರಾಧದ ಮಾಹಿತಿ ನೀಡುವುದು ಕಡ್ಡಾಯ
• ಸೆಕ್ಷನ್ 21: ಮಾಹಿತಿ ನೀಡದಿದ್ದರೆ ಶಿಕ್ಷೆ
• ಸೆಕ್ಷನ್ 67ಬಿ: ಪೋಕ್ಸೊ ಅಲ್ಲ, ಮಾಹಿತಿ ತಂತ್ರಜ್ಞಾನ ಕಾಯ್ದೆ
• 1098: ಮಕ್ಕಳ ಸಹಾಯವಾಣಿ, 1930: ಸೈಬರ್ ಅಪರಾಧ ಸಹಾಯವಾಣಿ

5. ನೆನಪಿಡಿ: ತಪ್ಪು ಎಂದೂ ಮಗುವಿನದಲ್ಲ. ಬೈಯದೆ ಕೇಳಿಸಿಕೊಳ್ಳುವುದೇ ರಕ್ಷಣೆಯ ಮೊದಲ ಹೆಜ್ಜೆ.