ಚರ್ಮದ ಉಬ್ಬುಚಿತ್ರಕ್ಕೆ ತಕ್ಕ ಅಚ್ಚು

ದಿಂಡಿಗಲ್ಲು ಎರಡು ಕಸುಬುಗಳಿಗೆ ಹೆಸರಾದ ಊರು. ಒಂದು ಬೀಗ, ಮತ್ತೊಂದು ಚರ್ಮ. ಅಲ್ಲಿಯ ಬೀಗಕ್ಕೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ಲೋಹದ ವಿದ್ಯೆಯೂ ತೊಗಲಿನ ವಿದ್ಯೆಯೂ ಒಂದುಗೂಡುವ ಕೆಲಸವೊಂದುಂಟು. ಅದೇ ಚರ್ಮದ ಮೇಲೆ ಉಬ್ಬುಚಿತ್ರ ಮೂಡಿಸುವ ಅಚ್ಚಿನ ತಯಾರಿಕೆ. ದಿಂಡಿಗಲ್ಲು, ತೇನಿ, ಕಂಬಂ ಕಣಿವೆಗಳಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ಕುಟುಂಬಗಳ ಮಕ್ಕಳು ಇದನ್ನು ತಮ್ಮ ನುಡಿಯಲ್ಲಿಯೇ ಅರಿಯಲೆಂದು ಈ ಪಾಠವನ್ನು ಬರೆದಿದ್ದೇವೆ.

ಅಚ್ಚಿನಲ್ಲಿ ತಗ್ಗಾಗಿ ಕೊರೆದದ್ದು ಚರ್ಮದಲ್ಲಿ ಉಬ್ಬಾಗಿ ಮೂಡುತ್ತದೆ; ಎಡವು ಬಲವಾಗುತ್ತದೆ. ಆದುದರಿಂದ ಅಕ್ಷರಗಳನ್ನು ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿ ಕೊರೆಯಬೇಕು. ಅಂಚುಗಳು ಹರಿತವಾಗಿದ್ದರೆ ಚರ್ಮ ಸೀಳುವುದರಿಂದ ಅವುಗಳನ್ನು ತುಸು ಉಜ್ಜಿ ನಯಮಾಡಬೇಕು.

ಅಚ್ಚನ್ನು ಯಾವ ವಸ್ತುವಿನಿಂದ ಮಾಡಬೇಕು? ಇದಕ್ಕೆ ಮೊದಲು ಚರ್ಮ ಯಾವುದೆಂದು ಕೇಳಬೇಕು. ತಂಗಡಿ ತೊಗಟೆ, ಅಳಲೆಕಾಯಿ ಮೊದಲಾದವುಗಳಿಂದ ಹದಮಾಡಿದ ಚರ್ಮವನ್ನು ನೀರಿನಿಂದ ತೇವಗೊಳಿಸಿದರೆ ಅದರ ನಾರುಗಳು ಮೆದುವಾಗುತ್ತವೆ. ಆಗ ಒತ್ತಿದ ಚಿತ್ರವು ಒಣಗಿದ ಮೇಲೂ ನಿಲ್ಲುತ್ತದೆ. ಇದಕ್ಕೆ ಬಿಸಿ ಬೇಡ; ತೇವದ ಚರ್ಮಕ್ಕೆ ಹೆಚ್ಚು ಕಾವು ತಗುಲಿದರೆ ಅದು ಮುದುಡಿ ಗಡುಸಾಗುತ್ತದೆ. ಕ್ರೋಮಿಯಂ ಲವಣದಿಂದ ಹದಮಾಡಿದ ಚರ್ಮವಾದರೋ ಪುಟಿಯುವ ಗುಣವುಳ್ಳದ್ದು. ಅದರಲ್ಲಿ ಚಿತ್ರ ನಿಲ್ಲಬೇಕಾದರೆ ಕಾದ ಅಚ್ಚೂ ಬಲವಾದ ಒತ್ತಡವೂ ಬೇಕು.

ಇನ್ನು ವಸ್ತುಗಳ ಗುಣವನ್ನು ನೋಡೋಣ. ಬೀಟೆ, ಹುಣಿಸೆಯ ಚೇಗು ಮುಂತಾದ ಗಟ್ಟಿ ಮರಗಳು ಕೈಕೆಲಸಕ್ಕೂ ಕಲಿಕೆಗೂ ಒಳ್ಳೆಯವು; ಆದರೆ ಕಾವನ್ನು ತಾಳವು, ಸೂಕ್ಷ್ಮ ಗೆರೆಗಳು ಬೇಗ ಮುಕ್ಕಾಗುತ್ತವೆ. ಸತು ಮತ್ತು ಮೆಗ್ನೀಸಿಯಂ ತಗಡುಗಳನ್ನು ಆಮ್ಲದಿಂದ ಕೊರೆಯಬಹುದು. ಅವುಗಳ ಬೆಲೆ ಕಡಿಮೆ, ಆಯುಷ್ಯವೂ ಕಡಿಮೆ. ಹಿತ್ತಾಳೆಯನ್ನು ಕೊರೆಯುವುದು ಸುಲಭ. ಅದು ಕಾವನ್ನು ಸಮನಾಗಿ ಹರಡುತ್ತದೆ, ಬಹುಕಾಲ ಬಾಳುತ್ತದೆ. ಉಕ್ಕು ಎಲ್ಲಕ್ಕಿಂತ ಗಟ್ಟಿ. ಒಂದೇ ಚಿತ್ರವನ್ನು ಎಣಿಕೆಯಿಲ್ಲದಷ್ಟು ಬಾರಿ ಒತ್ತುವ ಕಾರ್ಖಾನೆಗೆ ಅದು ತಕ್ಕದ್ದು.

ಗಟ್ಟಿಯಾದುದೇ ಮೇಲೆಂದು ತಿಳಿದು ಎಲ್ಲಕ್ಕೂ ಉಕ್ಕನ್ನೇ ಆರಿಸಬಹುದೇ? ಕೂಡದು. ಹಿಂದಿನವರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಬೆರೆಸಿ ಕಪ್ಪು ಮಸಿ ಮಾಡುತ್ತಿದ್ದರು. ಅನ್ನಭೇದಿಯಲ್ಲಿರುವುದು ಕಬ್ಬಿಣ, ಅಳಲೆಯಲ್ಲಿರುವುದು ತೊಗಲನ್ನು ಹದಮಾಡುವ ಒಗರು. ಅದೇ ಒಗರು ತೊಗಟೆಯಿಂದ ಹದಗೊಂಡ ಚರ್ಮದಲ್ಲಿಯೂ ಇದೆ. ತೇವದ ಚರ್ಮಕ್ಕೆ ಬರಿಯ ಕಬ್ಬಿಣವೋ ಉಕ್ಕೋ ತಗುಲಿದರೆ ಅದೇ ಮಸಿ ಅಲ್ಲಿ ಹುಟ್ಟಿ ಕಪ್ಪು ಕಲೆಯಾಗುತ್ತದೆ. ವಿದ್ಯಾರ್ಥಿಗಳು ಇಂತಹ ಚರ್ಮದ ಚೂರೊಂದನ್ನು ನೆನೆಸಿ, ಅದರ ಮೇಲೆ ಕಬ್ಬಿಣದ ಮೊಳೆಯನ್ನು ಒಂದು ರಾತ್ರಿ ಇಟ್ಟು ನೋಡಲಿ, ಪಾಠವು ಮರೆಯದು.

ಕಲೆಗೊಂಡ ಚರ್ಮಕ್ಕೆ ಬೆಲೆಯಿಲ್ಲ. ಸಾಲ ತಂದು ಚರ್ಮ ಕೊಂಡ ಬಡ ಕುಶಲಿಗನಿಗೆ ಒಂದು ಹಾಳೆ ಕೆಟ್ಟರೂ ಆ ವಾರದ ಅನ್ನಕ್ಕೆ ಕುಂದು. ಆದುದರಿಂದ ಚರ್ಮ ಯಾವುದು, ಒತ್ತುವುದು ತಣ್ಣಗೋ ಬಿಸಿಯಾಗಿಯೋ, ಎಷ್ಟು ಪ್ರತಿ ಬೇಕು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡು, ಆಮೇಲೆ ಅಚ್ಚಿಗೆ ಹಣ ಹಾಕಬೇಕು. ಕಸುಬಿಗೆ ಓದು ಬೇಡವೆಂದು ಮಕ್ಕಳನ್ನು ನಡುವೆಯೇ ಶಾಲೆ ಬಿಡಿಸುವ ತಂದೆತಾಯಿಗಳು ಇದನ್ನು ಯೋಚಿಸಬೇಕೆಂದು ಕೋರುತ್ತೇವೆ. ಕೈ ಅಚ್ಚನ್ನು ಕೊರೆಯಬಲ್ಲದು. ಯಾವ ಅಚ್ಚೆಂದು ಆರಿಸುವುದು ಅರಿವು.