ಅಪ್ಪನ ದಾರದ ಉಂಡೆ

ಪ್ರೀತಿಯ ಮಗಳೇ,

ನಿನ್ನ ಕಥೆ ಹೋದ ವಾರ ತಲುಪಿತು. ಎರಡು ಸಲ ಓದಿದೆ, ಎರಡನೇ ಸಲ ಪೆನ್ಸಿಲ್ ಹಿಡಿದು. ನಿನಗೊಬ್ಬಳಿಗೇ ಉತ್ತರ ಬರೆಯಬಹುದಿತ್ತು. ಆದರೆ ಮೊದಲ ಕಥೆಯನ್ನೋ ಎರಡನೆಯದನ್ನೋ ಬರೆದು, ಯಾರಿಗೆ ತೋರಿಸಲಿ ಎಂದು ಕಾದಿರುವ ಮಕ್ಕಳು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರೂ ಓದಲಿ ಎಂದು ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ಮೊದಲ ಪುಟದಲ್ಲೇ ನೀನು ಅಪ್ಪನನ್ನು ಪರಿಚಯಿಸಿದ್ದೀಯ: ಜಿಪುಣ, ಮುಂಗೋಪಿ, ಆದರೆ ಒಳಗೊಳಗೇ ಮೆತ್ತಗಿನ ಮನುಷ್ಯ. ಅಷ್ಟು ಓದಿದ ಮೇಲೂ ನನ್ನ ಕಣ್ಣಿಗೆ ಯಾರೂ ಕಟ್ಟಲಿಲ್ಲ. ಅಪ್ಪ ಕಂಡಿದ್ದು ಒಂಬತ್ತನೇ ಪುಟದಲ್ಲಿ. ಅಂಗಡಿಯಿಂದ ಬಂದ ಪೊಟ್ಟಣದ ದಾರವನ್ನು ಕತ್ತರಿಸದೆ ಗಂಟು ಬಿಡಿಸಿ, ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ ಉಂಡೆಗೆ ಸುತ್ತುತ್ತಾನೆ. ವರ್ಷಗಟ್ಟಲೆ ಕೂಡಿಟ್ಟ ಅದೇ ಉಂಡೆಯನ್ನು, ಮಗಳು ಹಾಸ್ಟೆಲಿಗೆ ಹೊರಟ ಬೆಳಿಗ್ಗೆ ಪೂರ್ತಿ ಬಿಚ್ಚಿ ಅವಳ ಪುಸ್ತಕದ ರಟ್ಟಿನ ಪೆಟ್ಟಿಗೆಗೆ ಸುತ್ತಿ ಸುತ್ತಿ ಬಿಗಿಯುತ್ತಾನೆ. ಒಂದು ಗೇಣು ದಾರವನ್ನೂ ಉಳಿಸಿಕೊಳ್ಳುವುದಿಲ್ಲ. ಓದಿ ನನಗೆ ಗಂಟಲು ಕಟ್ಟಿತು. ನೀನೋ ಅದನ್ನು ಎರಡೇ ಸಾಲಿನಲ್ಲಿ ಮುಗಿಸಿ, ‘ಅಪ್ಪನಿಗೆ ನನ್ನ ಮೇಲೆ ಎಷ್ಟು ಪ್ರೀತಿಯೆಂದು ಆಗ ಗೊತ್ತಾಯಿತು’ ಎಂದು ಸೇರಿಸಿದ್ದೀಯ. ಆ ಸಾಲಿನ ಕೆಳಗೆ ಗೆರೆ ಎಳೆದಿದ್ದೇನೆ.

ನಮ್ಮಮ್ಮ ಹೇಳುತ್ತಿದ್ದಳು: ಜನರ ಗುಣ ತಿಳಿಯಬೇಕಾದರೆ ಪಂಕ್ತಿಯಲ್ಲಿ ಬಡಿಸಿ ನೋಡಬೇಕು ಎಂದು. ನೆಂಟರ ಮದುವೆಗಳಲ್ಲಿ ಬಡಿಸಿ ಬಡಿಸಿ ನಾನೂ ಕಲಿತೆ. ಹೋಳಿಗೆಯ ಬುಟ್ಟಿ ದೂರದಲ್ಲಿ ಕಂಡೊಡನೆ ಅನ್ನವನ್ನು ಬದಿಗೆ ಸರಿಸಿ ಎಲೆಯಲ್ಲಿ ಜಾಗ ಮಾಡಿಕೊಳ್ಳುವವರು ಒಬ್ಬರು. ಪಕ್ಕದ ಎಲೆಯನ್ನು ತೋರಿಸಿ, ಅವರಿಗೆ ತುಪ್ಪ ಬಂದಿಲ್ಲ ನೋಡಮ್ಮ ಎನ್ನುವವರು ಇನ್ನೊಬ್ಬರು. ಅವರ ಹೆಸರು, ಉದ್ಯೋಗ ಯಾವುದೂ ನನಗೆ ಗೊತ್ತಿರಲಿಲ್ಲ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು. ಆದರೆ ಆ ಅಗುಳನ್ನು ಕಥೆಗಾರ ತಾನೇ ಹಿಸುಕಬಾರದು, ಓದುಗನ ಬೆರಳಿಗೆ ಕೊಡಬೇಕು.

ಮಾಸ್ತಿಯವರ ‘ಮೊಸರಿನ ಮಂಗಮ್ಮ’ ನೀನು ಓದಿರಬೇಕು. ಇನ್ನೊಮ್ಮೆ ಓದು, ಈ ಸಲ ಬರೆಯುವವಳ ಕಣ್ಣಿನಿಂದ. ಮಂಗಮ್ಮ ಹಳ್ಳಿಯಿಂದ ಬೆಂಗಳೂರಿಗೆ ಮೊಸರು ಹೊತ್ತು ತಂದು ಮಾರುವವಳು. ಸೊಸೆ ನಂಜಮ್ಮ ಮಗುವಿಗೆ ಹೊಡೆದಳೆಂದು ಜಗಳವಾಗಿ ಮನೆ ಬೇರೆಯಾಗುತ್ತದೆ. ಮಗ ಸೊಸೆಯೇ ದೂರವಾದ ಮೇಲೆ ದುಡ್ಡು ಕೂಡಿಟ್ಟು ಏನಾಗಬೇಕು ಎಂದು ಆಕೆ ಒಂದು ಮಖಮಲ್ಲಿನ ಜಾಕೀಟು ಹೊಲಿಸಿಕೊಳ್ಳುತ್ತಾಳೆ. ಆ ಜಾಕೀಟನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು ನೋಡು, ಮಗಳೇ. ಅದರಲ್ಲಿ ಸೊಸೆಯ ಮೇಲಿನ ಹಟವಿದೆ, ಮಗನ ಮೇಲಿನ ಸಿಟ್ಟಿದೆ. ಗಂಡನಿಂದ ಸುಖ ಕಾಣದ ಹೆಂಗಸು ಎಂದೋ ಅದುಮಿಟ್ಟಿದ್ದ ಆಸೆಯಿದೆ, ಇನ್ನು ನನಗೆ ಯಾರೂ ಇಲ್ಲ ಎಂಬ ಭಯವೂ ಇದೆ. ಇಷ್ಟನ್ನೂ ವಿಶೇಷಣಗಳಲ್ಲಿ ಹೇಳಹೊರಟರೆ ಒಂದು ಪುಟ ಬೇಕಾಗುತ್ತಿತ್ತು, ಹೇಳಿದರೂ ನಾವು ನಂಬುತ್ತಿರಲಿಲ್ಲ. ಕೊನೆಗೆ ನಂಜಮ್ಮ ತನ್ನ ಕಡೆಯ ಮಾತನ್ನೂ ಹೇಳುತ್ತಾಳೆ. ಅತ್ತೆಯ ದುಡ್ಡು ಪರರ ಪಾಲಾಗಬಾರದೆಂದು ಮಗುವನ್ನು ಅಜ್ಜಿಯ ಹತ್ತಿರ ಕಳಿಸಿದವಳು ಅವಳೇ. ಅಲ್ಲಿಯವರೆಗೆ ಅತ್ತೆಯ ಬಾಯಲ್ಲಿ ಬರೀ ಗಯ್ಯಾಳಿಯಾಗಿದ್ದ ಸೊಸೆ ಅಲ್ಲಿ ಮನೆ ಉಳಿಸುವ ಜಾಣೆಯಾಗಿ ಕಾಣುತ್ತಾಳೆ. ಯಾರನ್ನೂ ಒಬ್ಬರ ಮಾತಿನಿಂದಲೇ ಅಳೆಯಬೇಡ ಎಂಬುದನ್ನು ನಾನು ಕಲಿತದ್ದು ಆ ಕಥೆಯಿಂದ.

ಒಂದೇ ವಸ್ತು ಹಲವರನ್ನು ಒಟ್ಟಿಗೆ ಬಯಲಿಗೆ ತರುವುದನ್ನು ನೋಡಬೇಕಾದರೆ 1965ರಲ್ಲಿ ಬಂದ ಅನಂತಮೂರ್ತಿಯವರ ‘ಸಂಸ್ಕಾರ’ಕ್ಕೆ ಹೋಗು. ನಾರಣಪ್ಪ ಸತ್ತಿದ್ದಾನೆ. ಅವನ ಹೆಣ ಸುಡಲು ಅಗ್ರಹಾರದ ಯಾರೂ ಮುಂದೆ ಬರುತ್ತಿಲ್ಲ. ಅವನೊಂದಿಗೆ ಬಾಳುತ್ತಿದ್ದ ಚಂದ್ರಿ ತನ್ನ ಮೈಮೇಲಿನ ಚಿನ್ನವನ್ನು ಬಿಚ್ಚಿ, ಸಂಸ್ಕಾರದ ಖರ್ಚಿಗೆಂದು ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ಮುಂದೆ ಇಡುತ್ತಾಳೆ. ಅಲ್ಲಿಂದ ಎಲ್ಲರ ಮಾತಿನ ಧಾಟಿಯೇ ಬೇರೆ. ತನಗೆ ಬೇಡ ಎನ್ನುತ್ತಿದ್ದವನಿಗೆ ಈಗ ಇನ್ನೊಬ್ಬನಿಗೆ ಸಿಕ್ಕಿಬಿಟ್ಟರೆ ಎಂಬ ಚಿಂತೆ. ಗಂಡಂದಿರಿಗಿಂತ ಮೊದಲು ಹೆಂಡಂದಿರ ಕಣ್ಣು ಆ ಒಡವೆಯ ತೂಕ ಮಾಡಿರುತ್ತದೆ. ಆಚಾರ್ಯರು ಮಾತ್ರ ಶಾಸ್ತ್ರದ ಪುಟಗಳಲ್ಲಿ ದಾರಿ ಹುಡುಕುತ್ತಾರೆ. ಚಂದ್ರಿಯ ಔದಾರ್ಯ, ಅಗ್ರಹಾರದ ಆಸೆ, ಆಚಾರ್ಯರ ಧರ್ಮಸಂಕಟ ಮೂರೂ ತಿಳಿದದ್ದು ಆ ಚಿನ್ನ ನೆಲದ ಮೇಲೆ ಬಿದ್ದದ್ದರಿಂದ. ನಿನ್ನ ಪಾತ್ರಗಳ ನಡುವೆಯೂ ಅಂಥದ್ದೊಂದನ್ನು ಇಡು. ಅದು ಚಿನ್ನವೇ ಆಗಬೇಕಿಲ್ಲ. ಕಾರಂತರು ಚೋಮನ ಕೈಗೆ ಒಂದು ದುಡಿ ಕೊಟ್ಟರು. ಅವನ ಸಿಟ್ಟು, ದುಃಖ ಎಲ್ಲವೂ ಅದರ ಸದ್ದಿನಲ್ಲೇ ನಮಗೆ ಕೇಳಿತು.

ಇನ್ನು ಮಾತು. ನಿನ್ನ ಕಥೆಯಲ್ಲಿ ಅಮ್ಮ, ಹಾಲಿನವನು, ಹಾಸ್ಟೆಲಿನ ವಾರ್ಡನ್ ಎಲ್ಲರೂ ಒಂದೇ ಪುಸ್ತಕದ ಭಾಷೆ ಆಡುತ್ತಾರೆ. ಹಾಲಿನವನ ಬಾಯಲ್ಲೂ ‘ಆದ್ದರಿಂದ’ ಬಂದಿದೆ. ಇದು ನನಗೆ ತುಂಬಾ ಬೇಸರ ತಂದ ಸಂಗತಿ, ಏಕೆಂದರೆ ನಮ್ಮ ಭಾಷೆ ಈ ವಿಷಯದಲ್ಲಿ ಬಹಳ ಶ್ರೀಮಂತ. ನೀನು, ನೀವು, ತಾವು, ಬಾರೋ, ಬಾಪ್ಪ, ಬರ್ರಿ ಇಷ್ಟರಲ್ಲೇ ಅರ್ಧ ಕಥೆ ಹೇಳಬಹುದು. ಆಳನ್ನು ವರ್ಷವಿಡೀ ‘ಏ, ಬಾರೋ ಇಲ್ಲಿ’ ಎನ್ನುವ ಸಾಹುಕಾರ ಎಲೆಕ್ಷನ್ ಹತ್ತಿರವಾದಾಗ ‘ಬಾಪ್ಪ, ಕೂತ್ಕೋ’ ಎನ್ನಲಿ. ಆಳು ಕೂರದೆ ನಿಂತೇ ಇರಲಿ. ಇಬ್ಬರೂ ನಮಗೆ ತಿಳಿದುಹೋದರು. ನಲವತ್ತು ವರ್ಷ ಗಂಡನನ್ನು ‘ಇವರು’ ಎಂದೇ ಕರೆದ ಹೆಂಗಸು ಒಂದು ಮಧ್ಯಾಹ್ನ ‘ನೀನು’ ಎಂದರೆ ಆ ಮನೆಯಲ್ಲಿ ಏನೋ ಮುರಿದಿದೆ, ನೀನು ವಿವರಿಸಬೇಕಾಗಿಲ್ಲ. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಕಳೆದುಹೋದ ಹುಂಜಕ್ಕಾಗಿ ಸಂಕಟಪಡುವ ಸಾಕವ್ವನ ಮಾತನ್ನು ಶಿಷ್ಟ ಕನ್ನಡಕ್ಕೆ ತಿರುಗಿಸಿ ನೋಡು. ಅವಳು ಅಲ್ಲೇ ಇಲ್ಲವಾಗುತ್ತಾಳೆ.

ನೀನು ‘ನಾನು’ ಎಂದು ಕಥೆ ಹೇಳಿದ್ದೀಯ, ಅದಕ್ಕೊಂದು ಎಚ್ಚರಿಕೆ. ಹಾಗೆ ಹೇಳುವವರು ತಮ್ಮ ಗುಣವನ್ನು ತಾವೇ ಬಣ್ಣಿಸಬಾರದು. ಅವರು ಎಲ್ಲಿ ಸುಮ್ಮನಿರುತ್ತಾರೆ ಎಂಬುದು ಬಣ್ಣನೆಗಿಂತ ಹೆಚ್ಚು ಹೇಳುತ್ತದೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ನಲ್ಲಿ ನಿರೂಪಕನ ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಬೇಳೆಯ ಸಾರಿನ ಡಬ್ಬಿ ಹಿಡಿದು ಬಾಗಿಲಿಗೆ ಬರುತ್ತಾಳೆ. ಮನೆಯ ಹೆಂಗಸರು ಅವಳನ್ನು ಬೈದು ಅಟ್ಟುತ್ತಾರೆ. ನಿರೂಪಕ ಏನೂ ಮಾಡುವುದಿಲ್ಲ. ಆ ಮನೆಯ ಬಗ್ಗೆ ನನಗೆ ಹೆದರಿಕೆ ಹುಟ್ಟಿದ್ದು ಬೈದವರಿಂದಲ್ಲ, ಈ ಸುಮ್ಮನಿದ್ದವನಿಂದ. ನಿನ್ನ ಕಥೆಯ ಮಗಳೂ ಅಪ್ಪ ದಾರ ಬಿಗಿಯುವಾಗ ಏನು ಮಾಡುತ್ತಿದ್ದಳು? ನೀನು ಬರೆದಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಸಿಡುಕಿದಳೇ? ಗಂಟಿನ ಮೇಲೆ ಬೆರಳಿಟ್ಟು ಹಿಡಿದುಕೊಂಡಳೇ? ಅದು ನಿನಗೆ ಗೊತ್ತಿದೆ ಎಂದು ನನ್ನ ನಂಬಿಕೆ. ಬರೆಯಲು ಹೆದರಿದ್ದೀಯ.

ವಿಶೇಷಣವನ್ನೇ ಮುಟ್ಟಬೇಡ ಎಂದು ನಾನು ಹೇಳುತ್ತಿಲ್ಲ. ಪಾತ್ರದ ಮೇಲೆ ಇನ್ನೊಂದು ಪಾತ್ರ ಹೊರಿಸುವ ವಿಶೇಷಣಕ್ಕೆ ಬೆಲೆಯಿದೆ, ಅದರಲ್ಲಿ ಹೇಳಿದವರ ಗುಣವೂ ಗೊತ್ತಾಗುತ್ತದೆ. 1980ರ ‘ಕರ್ವಾಲೊ’ ಕಾದಂಬರಿಯಲ್ಲಿ ಊರಿಗೆ ಕೆಲಸಕ್ಕೆ ಬಾರದವನಾಗಿ ಕಂಡ ಮಂದಣ್ಣ ವಿಜ್ಞಾನಿಯ ಕಣ್ಣಿಗೆ ಹುಟ್ಟಾ ಜೀವವಿಜ್ಞಾನಿ. ಎರಡು ನೋಟಗಳ ನಡುವೆ ಮಂದಣ್ಣ ಬೆಳೆಯುತ್ತಾ ಹೋಗುತ್ತಾನೆ. ಹಾಗೆಯೇ ನಿನ್ನ ಅಪ್ಪನನ್ನು ಜಿಪುಣ ಎಂದು ಅಂಗಡಿಯವನು ಕರೆಯಲಿ, ಅತ್ತೆ ಆಡಿಕೊಳ್ಳಲಿ. ನೀನು ಕರೆಯಬೇಡ.

ನಿನ್ನ ವಯಸ್ಸಿನಲ್ಲಿ ನಾನು ಕಳಿಸಿದ ಕಥೆಯೊಂದು ಸಂಪಾದಕರಿಂದ ವಾಪಸು ಬಂದಿತ್ತು. ಅಂಚಿನಲ್ಲಿ ಒಂದೇ ಪ್ರಶ್ನೆ: ಇವಳ ಕೈಯಲ್ಲಿ ಏನಿದೆ? ತಿಂಗಳುಗಟ್ಟಲೆ ಯೋಚಿಸಿದೆ. ನನ್ನ ನಾಯಕಿ ಆರು ಪುಟ ಅತ್ತಿದ್ದಳು, ಒಂದು ಪಾತ್ರೆಯನ್ನೂ ಮುಟ್ಟಿರಲಿಲ್ಲ. ಈ ಪ್ರಶ್ನೆಯನ್ನು ಈಗ ನಿನ್ನ ಕೈಗೆ ದಾಟಿಸುತ್ತಿದ್ದೇನೆ.

ಮೊದಲ ಪುಟದ ಆ ಮೂರು ಮಾತನ್ನು ಹೊಡೆದುಹಾಕು. ದಾರದ ಉಂಡೆಯನ್ನು ಒಂಬತ್ತನೇ ಪುಟದಿಂದ ತಂದು ಮೊದಲ ಪುಟದಲ್ಲೇ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕು. ನಡುವೆ ಎರಡು ಮೂರು ಕಡೆ ಅದು ದಪ್ಪವಾಗುತ್ತಾ ಹೋಗಲಿ. ಪೆಟ್ಟಿಗೆ ಕಟ್ಟುವ ಬೆಳಿಗ್ಗೆಗೆ ಒಂದು ಇಡೀ ಪುಟ ಕೊಡು, ನಾನು ಗೆರೆ ಎಳೆದ ಸಾಲನ್ನು ಬಿಡು. ಯುಗಾದಿಗೆ ಮುಂಚೆ ತಿದ್ದಿ ಕಳಿಸು, ಕಾಯುತ್ತಿರುತ್ತೇನೆ.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ಹಿರಿಯ ಗೆಳತಿ