ಚೀನೀಯರ ಚಿಗಾಂಗ್ ಸಾಧನೆಯೂ ನಮ್ಮ ಪ್ರಾಣಾಯಾಮವೂ

ಆರೋಗ್ಯವನ್ನು ಕುರಿತ ಚಿಂತನೆಯು ಯಾವ ಒಂದು ದೇಶದ ಸ್ವತ್ತೂ ಅಲ್ಲ. ನಮ್ಮಲ್ಲಿ ಯೋಗಶಾಸ್ತ್ರವು ಬೆಳೆದಂತೆಯೇ ಚೀನಾದೇಶದಲ್ಲಿ ‘ಚಿಗಾಂಗ್’ ಎಂಬ ಸಾಧನಾಪದ್ಧತಿಯು ಬೆಳೆದುಬಂದಿದೆ. ಅದರ ಸ್ವರೂಪವೇನು, ಪ್ರಯೋಜನವೆಷ್ಟು, ನಮ್ಮ ಅಧ್ಯಾಪಕರೂ ವಯೋವೃದ್ಧರೂ ಅದರಿಂದ ಗ್ರಹಿಸಬಹುದಾದುದೇನು ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಮೊದಲು ಶಬ್ದಾರ್ಥ. ‘ಚಿ’ ಎಂದರೆ ಉಸಿರು, ಆವಿ, ಜೀವಶಕ್ತಿ. ‘ಗಾಂಗ್’ ಎಂದರೆ ದೀರ್ಘ ಪರಿಶ್ರಮದಿಂದ ಲಭಿಸುವ ನೈಪುಣ್ಯ. ಚೀನೀಯರ ಸಾಂಪ್ರದಾಯಿಕ ಲಿಪಿಯಲ್ಲಿ ‘ಚಿ’ ಎಂಬ ಅಕ್ಷರವು ಆವಿಯ ಚಿಹ್ನೆಯೂ ಅಕ್ಕಿಯ ಚಿಹ್ನೆಯೂ ಕೂಡಿ ಆದುದು. ನಮ್ಮ ‘ಪ್ರಾಣ’ ಶಬ್ದವಾದರೋ ಉಸಿರಾಡುವುದೆಂಬ ಅರ್ಥದ ‘ಅನ್’ ಧಾತುವಿಗೆ ‘ಪ್ರ’ ಎಂಬ ಉಪಸರ್ಗವು ಸೇರಿ ನಿಷ್ಪನ್ನವಾದುದು, ‘ಆಯಾಮ’ವೆಂದರೆ ನೀಳವಾಗಿಸುವಿಕೆ. ಉಸಿರಿಗೂ ಜೀವಶಕ್ತಿಗೂ ಒಂದೇ ಶಬ್ದವನ್ನು ಎರಡು ಜನಾಂಗಗಳೂ ಇಟ್ಟುಕೊಂಡಿರುವುದು ಗಮನಾರ್ಹ. ಭೇದವೂ ಉಂಟು. ಪ್ರಾಣಾಯಾಮದಲ್ಲಿ ಸಾಮಾನ್ಯವಾಗಿ ಕುಳಿತು, ಉಸಿರನ್ನು ಅಳತೆಯಿಂದ ಸೆಳೆದು, ನಿಲ್ಲಿಸಿ, ಬಿಡುತ್ತೇವೆ. ಚಿಗಾಂಗ್‌ನ ಪ್ರಸಿದ್ಧ ಸಾಧನೆಗಳಲ್ಲಿ ನಿಂತು, ಕೈಕಾಲುಗಳನ್ನು ಮೆಲ್ಲನೆ ಚಲಿಸುತ್ತ, ಆ ಚಲನೆಗೆ ಉಸಿರನ್ನೂ ಮನಸ್ಸನ್ನೂ ಹೊಂದಿಸುತ್ತಾರೆ.

ಈ ಪದ್ಧತಿಯ ಮೂಲ ಅತಿ ಪ್ರಾಚೀನ. 1973ರಲ್ಲಿ ಹುನಾನ್ ಪ್ರಾಂತದ ಚಾಂಗ್ಶಾ ನಗರದ ಬಳಿ, ಮಾವಾಂಗ್‌ದುಯಿ ಎಂಬಲ್ಲಿ, ಕ್ರಿ.ಪೂ. 168ರ ಸಮಾಧಿಯೊಂದರಲ್ಲಿ ರೇಷ್ಮೆಯ ಮೇಲೆ ಬರೆದ ಚಿತ್ರಪಟವು ದೊರೆಯಿತು. ಅದರಲ್ಲಿ ವ್ಯಾಯಾಮನಿರತರಾದ 44 ಸ್ತ್ರೀಪುರುಷರ ಆಕೃತಿಗಳಿವೆ. ಆದರೆ ‘ಚಿಗಾಂಗ್’ ಎಂಬ ಹೆಸರು ಸರ್ವತ್ರ ಬಳಕೆಗೆ ಬಂದುದು 1950ರ ದಶಕದಿಂದೀಚೆಗೆ.

ಇವುಗಳಲ್ಲಿ ಸುಲಭವೂ ಲೋಕಪ್ರಿಯವೂ ಆದುದು ‘ಬಾದುವಾನ್‌ಜಿನ್’. ಎಂಟು ತುಂಡು ಜರಿ ರೇಷ್ಮೆ ಎಂದು ಇದರ ಅರ್ಥ. ದೊಡ್ಡಬಳ್ಳಾಪುರದ ಮಗ್ಗಗಳ ಸದ್ದನ್ನು ಕೇಳುತ್ತ ಬೆಳೆದ ನಮ್ಮವರಿಗೆ ಈ ಹೆಸರು ಪರಕೀಯವೆನಿಸದು. ಇದರ ಎಂಟು ಅಂಗಗಳು ಹೀಗಿವೆ:

1. ಎರಡು ಕೈಗಳನ್ನೂ ಹೆಣೆದು ಅಂಗೈಗಳನ್ನು ಆಕಾಶದತ್ತ ಎತ್ತುವುದು.
2. ಎಡಕ್ಕೂ ಬಲಕ್ಕೂ ಬಿಲ್ಲು ಸೆಳೆಯುವಂತೆ ತೋಳು ಚಾಚುವುದು.
3. ಒಂದು ಕೈಯನ್ನು ಮೇಲೆತ್ತಿ ಇನ್ನೊಂದನ್ನು ಕೆಳಗೊತ್ತುವುದು.
4. ಕತ್ತನ್ನು ನಿಧಾನವಾಗಿ ತಿರುಗಿಸಿ ಹಿಂದಕ್ಕೆ ನೋಡುವುದು.
5. ಮಂಡಿ ಬಾಗಿಸಿ ನಿಂತು ದೇಹವನ್ನು ಅತ್ತಿತ್ತ ತೂಗುವುದು.
6. ಮುಂದೆ ಬಾಗಿ ಪಾದಗಳತ್ತ ಕೈ ಇಳಿಸುವುದು.
7. ಮುಷ್ಟಿ ಬಿಗಿದು, ದೃಷ್ಟಿ ನೆಟ್ಟು, ಕೈ ಚಾಚುವುದು.
8. ಹಿಮ್ಮಡಿಗಳನ್ನೆತ್ತಿ ಇಳಿಸುವುದು.

ಇನ್ನು ಪ್ರಯೋಜನ. ಉಸಿರು ನಿಧಾನವೂ ದೀರ್ಘವೂ ಆದಾಗ ವಪೆಯು ಚೆನ್ನಾಗಿ ಚಲಿಸುತ್ತದೆ. ಉಸಿರು ಬಿಡುವಾಗ ಹೃದಯದ ಬಡಿತವು ತುಸು ತಗ್ಗುತ್ತದೆ. ಆದ್ದರಿಂದ ನಿಶ್ವಾಸವು ನೀಳವಾದಷ್ಟೂ ನರಮಂಡಲಕ್ಕೆ ವಿಶ್ರಾಂತಿ. ಮಂಡಿ ಬಾಗಿಸಿ, ಹಿಮ್ಮಡಿ ಎತ್ತಿ ನಿಲ್ಲುವುದರಿಂದ ಕಾಲಿನ ಸ್ನಾಯುಗಳು ಬಲಗೊಂಡು ದೇಹದ ಸಮತೋಲ ಹೆಚ್ಚುತ್ತದೆ. ವೃದ್ಧರಿಗೆ ಇದು ಅಲ್ಪಲಾಭವಲ್ಲ. ಹಿಂದೆ ನೆಲಮಂಗಲದ ಶಿವಗಂಗೆಯನ್ನು ಸರಾಗವಾಗಿ ಹತ್ತಿದವರು ಈಗ ಬಚ್ಚಲಮನೆಯಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡರೆ ಮತ್ತೆ ಮೊದಲಿನಂತೆ ನಡೆಯುವುದು ಕಷ್ಟ. ಚಿಗಾಂಗ್‌ನ ಬಂಧುವಾದ ತಾಯ್‌ಚಿ ಸಾಧನೆಯು ವೃದ್ಧರು ಬೀಳುವುದನ್ನು ಕಡಿಮೆ ಮಾಡುತ್ತದೆಂದು ವೈದ್ಯಕೀಯ ಸಂಶೋಧನೆಗಳು ಸೂಚಿಸಿವೆ. ಹಗಲೆಲ್ಲ ಕರಿಹಲಗೆಯ ಮುಂದೆ ನಿಲ್ಲುವ ಅಧ್ಯಾಪಕರಿಗೂ ಕತ್ತು, ಹೆಗಲು, ಬೆನ್ನುಗಳ ಬಿಗಿತ ಸಡಿಲಲು ಇದು ಸಹಾಯಕ.

ಕ್ರಮಬದ್ಧ ಅಭ್ಯಾಸವು ದುರ್ಬಲನನ್ನೂ ಎತ್ತಿ ನಿಲ್ಲಿಸಬಲ್ಲುದೆಂಬುದಕ್ಕೆ ನಿದರ್ಶನವು ನಮ್ಮ ಹೊಸಕೋಟೆಯ ನೆರೆಯಲ್ಲೇ ಇದೆ. ಬಿ. ಕೆ. ಎಸ್. ಅಯ್ಯಂಗಾರರು 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಜನಿಸಿದರು. ಬಾಲ್ಯದಲ್ಲಿ ಮಲೇರಿಯಾ, ವಿಷಮಶೀತಜ್ವರ, ಕ್ಷಯಗಳಿಂದ ಕೃಶರಾಗಿದ್ದ ಅವರು ಮೈಸೂರಿನಲ್ಲಿ ತಮ್ಮ ಭಾವನವರಾದ ತಿರುಮಲೈ ಕೃಷ್ಣಮಾಚಾರ್ಯರ ಬಳಿ ಯೋಗಾಭ್ಯಾಸವನ್ನು ಆರಂಭಿಸಿದರು. ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಯೋಗಶಾಲೆಯನ್ನು ನಡೆಸಿದವರು. 1934ರಲ್ಲಿ ‘ಯೋಗ ಮಕರಂದ’ವನ್ನು ಕನ್ನಡದಲ್ಲಿ ಪ್ರಕಟಿಸಿದವರು. ಅಯ್ಯಂಗಾರರು 95 ವರ್ಷ ಬಾಳಿ 2014ರಲ್ಲಿ ದಿವಂಗತರಾದರು. 2011ರಲ್ಲಿ, ತೊಂಬತ್ತು ಕಳೆದ ಆ ವಯಸ್ಸಿನಲ್ಲಿ, ಚೀನಾದ ಗುವಾಂಗ್‌ಝೌ ನಗರಕ್ಕೆ ಹೋಗಿ ಅಲ್ಲಿನವರಿಗೆ ಯೋಗವನ್ನು ಬೋಧಿಸಿದರು. ವಿದ್ಯೆಯು ಗಡಿಗಳನ್ನು ದಾಟುವ ಬಗೆ ಇದು.

ಆದರೆ ಒಂದು ಎಚ್ಚರಿಕೆ ಅವಶ್ಯ. 1980 ಮತ್ತು 1990ರ ದಶಕಗಳಲ್ಲಿ ಚೀನಾದಲ್ಲಿ ಕೆಲವರು, ತಮ್ಮ ಅಂಗೈಯಿಂದ ಶಕ್ತಿಯನ್ನು ಹೊರಡಿಸಿ ಅನ್ಯರ ರೋಗಗಳನ್ನು ಕಳೆಯುವೆವೆಂದು ಘೋಷಿಸಿದರು. ಅಲ್ಲಿನ ವಿಜ್ಞಾನಿಗಳೇ ಇದನ್ನು ಖಂಡಿಸಿದರು. ಅನಂತರ 2003ರಲ್ಲಿ ಸರ್ಕಾರದ ಕ್ರೀಡಾ ಇಲಾಖೆಯು ಬಾದುವಾನ್‌ಜಿನ್ ಸೇರಿದಂತೆ ನಾಲ್ಕು ಸಾಧನೆಗಳನ್ನು ಪರಿಷ್ಕರಿಸಿ ಪ್ರಚಾರಕ್ಕೆ ತಂದಿತು. ವ್ಯಾಯಾಮವು ಔಷಧಕ್ಕೆ ನೆರವಾಗಬಹುದೇ ಹೊರತು ಅದರ ಸ್ಥಾನವನ್ನು ಆಕ್ರಮಿಸಲಾರದು. ರಕ್ತದೊತ್ತಡದ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸುವುದು ಅವಿವೇಕ. ಹೃದ್ರೋಗಿಗಳೂ ಬೆನ್ನುಮೂಳೆಯ ತೊಂದರೆಯುಳ್ಳವರೂ ಗರ್ಭಿಣಿಯರೂ ವೈದ್ಯರನ್ನು ಕೇಳಿಯೇ ಆರಂಭಿಸತಕ್ಕದ್ದು.

ನಮ್ಮ ಶಾಲೆಗಳಲ್ಲಿ ಮಕ್ಕಳಿಗೆ ಕವಾಯತು ಉಂಟು, ಆಟದ ಬಯಲು ಉಂಟು. ಅವರಿಗೆ ಪಾಠ ಹೇಳುವ ಗುರುಗಳಿಗೂ, ಒಂದು ಕಾಲದಲ್ಲಿ ಇಲ್ಲಿಯೇ ಕಲಿತು ಇಂದು ಮೊಮ್ಮಕ್ಕಳನ್ನು ಕರೆತರುವ ಹಿರಿಯರಿಗೂ ಅಂಥದೊಂದು ವ್ಯವಸ್ಥೆ ಬೇಡವೆ? ಇದಕ್ಕೆ ಕಟ್ಟಡ ಬೇಡ, ಉಪಕರಣ ಬೇಡ. ಒಂದು ಮರದ ನೆರಳು, ಬೆಳಗಿನ ಕಾಲು ಗಂಟೆ, ಬಲ್ಲವರೊಬ್ಬರ ಮಾರ್ಗದರ್ಶನ ಸಾಕು. ಪ್ರಾಣಾಯಾಮವಾಗಲಿ, ಚಿಗಾಂಗ್ ಆಗಲಿ, ದಿನವೂ ತಪ್ಪದೆ ಮಾಡಿದಾಗಲೇ ಫಲ. ಕಾಯಕವನ್ನು ನೆಚ್ಚಿದ ನಾಡಿನವರು ಆ ಕಾಯಕಕ್ಕೆ ಆಧಾರವಾದ ಕಾಯವನ್ನೂ ಕಾಪಾಡಿಕೊಳ್ಳುವಂತಾಗಲಿ.